ದಿಬ್ಬದ ಹಿಂದಿನ ಗುಲಾಬಿ ಗೆರೆ

ನೆನೆದ ಅವರೆಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರೆ ಕಾಳು ಸಿಪ್ಪೆಯಿಂದ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಸುಮಲತ ಆಗಲೇ ಅರ್ಧ ಬೋಗುಣಿ ಹಿತಕಿ ಮುಗಿಸಿದ್ದಳು. ಒಲೆಯಿಂದ ಒಂದು ಮೊಳ ದೂರದಲ್ಲಿ, ಅಡುಗೆಕಟ್ಟೆಯ ಮೇಲೆ, ಮಗಳು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ತೆರೆದುಕೊಂಡಿತ್ತು. ಪರದೆಯ ಮೇಲೆ ಕಾಮಸಮುದ್ರದ ಕಡೆಯ ಹೊಲಗಳು, ಹೊಲಗಳ ನಡುವೆ ಗುಲಾಬಿ ಬಣ್ಣದ ಗೆರೆಗಳು. ಒಂದಷ್ಟು ಕಾಳು ಹಿತಕಿದ ಮೇಲೆ, ಒದ್ದೆಯಾಗದೆ ಉಳಿದ ಕಿರುಬೆರಳಿನಿಂದ ಒಂದು ಗುಂಡಿ ಒತ್ತುತ್ತಿದ್ದಳು. ಸೇರಿಸು. ಮತ್ತೊಂದಷ್ಟು ಕಾಳು. ಸೇರಿಸು. ಬಿಡು.

ಬೆಳಗಿನ ಪಾಳಿಗೆ ಹೊರಟಿದ್ದ ಮುನಿರಾಜು ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತ ಇತ್ತ ನೋಡಿದ.

"ಸಾರಿನ ಒಳಕ್ಕೆ ಬೀಳ್ತದೆ ನೋಡು ನಿನ್ನ ಮ್ಯಾಪು."

"ಬಿದ್ರೆ ರುಚಿ ಬರುತ್ತೆ ಬಿಡಿ."

"ನಮ್ಮೂರು ಬಂತಾ?"

"ಬಂತು. ನಿಮ್ಮ ಹೊಲದ ಹುಣಸೆಮರಾನೂ ಬಂತು. ಅದರ ಕೆಳಗೆ ನಿಮ್ಮಣ್ಣ ಮಲಗಿರೋದೊಂದು ಕಾಣಲಿಲ್ಲ."

ಅವನು ನಗುತ್ತ ಸ್ಕೂಟರು ಹತ್ತಿ ಹೋದ.

ಮದುವೆಯಾಗಿ ಹಿರಿಯೂರಿನ ಕಡೆಯಿಂದ ಕೆಜಿಎಫ್‌ನ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಬಂದ ಮೇಲೆ ಅವಳು ಈ ಊರನ್ನು ನೋಡಿದ್ದೆಲ್ಲ ಆ ಸ್ಕೂಟರಿನ ಹಿಂದಿನ ಸೀಟಿನಿಂದ. ರಾಬರ್ಟ್‌ಸನ್‌ಪೇಟೆಯ ಅಂಗಡಿಗಳು, ಆಸ್ಪತ್ರೆ, ಮಗಳ ಶಾಲೆ, ಎಲ್ಲವೂ ಗಂಡನ ಹೆಗಲಿನ ಆಚೆ ಈಚೆ ಅರ್ಧರ್ಧ ಕಂಡವು. ಮಗಳು ಹಾಸ್ಟೆಲಿಗೆ ಹೋದ ವರ್ಷ, ಬಂಗಾರಪೇಟೆಯ ಕಾಲೇಜೊಂದರಲ್ಲಿ ಪಾಠ ಮಾಡುವ ರೂಪೇಶ್ ಇಲ್ಲಿನ ಮಹಿಳಾ ಸಂಘಕ್ಕೆ ಬಂದು ಒಂದು ಮಧ್ಯಾಹ್ನ ಪರದೆಯ ಮೇಲೆ ಊರನ್ನು ಆಕಾಶದಿಂದ ತೋರಿಸಿದ್ದ. ಯಾರ ಬೆನ್ನೂ ಅಡ್ಡವಿಲ್ಲದೆ ಊರು ಕಂಡದ್ದು ಅವಳಿಗೆ ಆವತ್ತೇ ಮೊದಲು. ಮರುದಿನದಿಂದಲೇ ಗೆರೆ ಎಳೆಯಲು ಕೂತಳು.

ಅದು ಯಾರೊಬ್ಬರದೂ ಅಲ್ಲದ ನಕ್ಷೆ. ಸಂಬಳವಿಲ್ಲದೆ, ಬಿಡುವಾದಾಗ, ಜನವೇ ಸೇರಿ ಬರೆಯುವಂಥದು. ಆದರೆ ಬರೆಯುವವರ ಬಳಿ ವಿಮಾನವಿಲ್ಲ, ಉಪಗ್ರಹವಿಲ್ಲ. ಮೇಲಿನಿಂದ ತೆಗೆದ ಫೋಟೊಗಳಿರುವುದು ದೊಡ್ಡ ಕಂಪನಿಗಳ ಹತ್ತಿರ. ಇದರ ಮೇಲೆ ಬರೆದುಕೊಳ್ಳಿ ಎಂದು ಅವರು ಕೊಟ್ಟರೆ ಕೆಲಸ, ಇಲ್ಲದಿದ್ದರೆ ಇಲ್ಲ. ಹಿಂದಿನ ವರ್ಷ ಒಂದು ಕಂಪನಿ ಹೇಳದೆ ಕೇಳದೆ ತನ್ನ ಫೋಟೊಗಳನ್ನು ವಾಪಸ್ ತೆಗೆದುಕೊಂಡಿತ್ತು. ಸುಮಲತ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಊರಿರಬೇಕಾದ ಕಡೆ ಬರೀ ಬೂದು ಬಣ್ಣ. ಈ ವರ್ಷ ಬೇರೊಂದು ಕಂಪನಿ ಹೊಸ ಫೋಟೊ ಕೊಟ್ಟಿತು. ಮಾಳಿಗೆಯ ಮೇಲೆ ಒಣಹಾಕಿದ ಸೀರೆ ಕಾಣುವಷ್ಟು ನಿಚ್ಚಳ. ಫೋಟೊ ಜೊತೆಗೆ ಒಂದು ಯಂತ್ರವನ್ನೂ ಕೊಟ್ಟಿತು. ಅದು ಫೋಟೊ ನೋಡಿ, ತನಗೆ ದಾರಿ ಎನಿಸಿದ ಕಡೆಯೆಲ್ಲ ಗುಲಾಬಿ ಗೆರೆ ಎಳೆದಿಡುತ್ತದೆ. ಮನುಷ್ಯರು ಹೌದು ಅಥವಾ ಅಲ್ಲ ಅಂದರೆ ಸಾಕು. ಹೌದು ಎಂದದ್ದು ನಕ್ಷೆಗೆ ಸೇರುತ್ತದೆ. ಆಮೇಲೆ ಆ ಕಂಪನಿಯೂ ಇನ್ನೂ ಹತ್ತಾರು ಕಂಪನಿಗಳೂ ಅದೇ ನಕ್ಷೆಯನ್ನು ತಮ್ಮ ಕೆಲಸಕ್ಕೆ ಬಳಸಿಕೊಳ್ಳುತ್ತವೆ.

ಹಿತ್ತಿಲ ಬಾಗಿಲು ಸದ್ದಾಯಿತು. ಇಂದ್ರಾಣಿ ಬಂದಿದ್ದಳು, ದೋಸೆ ಹಿಟ್ಟಿನ ಸ್ಟೀಲ್ ಡ್ರಮ್ಮನ್ನು ಸೊಂಟಕ್ಕೆ ಆನಿಸಿಕೊಂಡು. ಅವಳದು ಮೈಸೂರು ಮೈನ್ಸ್ ಪಕ್ಕದ ಪಂಪ್‌ಹೌಸ್ ಲೈನಿನಲ್ಲಿ ಮನೆ. ಗಣಿ ಕಂಪನಿ ಇದ್ದಾಗ ಅವಳ ಅಪ್ಪನಿಗೆ ಕೊಟ್ಟಿದ್ದ, ಸಾಲಾಗಿ ಅಂಟಿಕೊಂಡ ಒಂದೊಂದು ಕೋಣೆಯ ಮನೆಗಳಲ್ಲಿ ಒಂದು. ಅಲ್ಲಿ ಗ್ರೈಂಡರ್ ಇಟ್ಟುಕೊಂಡು ಹಿಟ್ಟು ರುಬ್ಬಿ ಕ್ವಾರ್ಟರ್ಸಿನ ಮನೆಮನೆಗೆ ಹಾಕುತ್ತಾಳೆ.

"ಲೇಟಾಯ್ತಕ್ಕಾ, ಬಯ್ಯಬ್ಯಾಡಿ."

"ಬಯ್ಯಲ್ಲ. ಮುಖ ಯಾಕೆ ಹಂಗಿದೆ? ರಾತ್ರಿ ಮಲಗಿಲ್ವಾ?"

"ಎಲ್ಲಿ ಮಲಗೋದು. ಈಗ ಕತ್ತಲಿರೋವಾಗ್ಲೇ ಎದ್ದು ಓಗ್ಬೇಕು." ಇಂದ್ರಾಣಿ ಹಿಟ್ಟು ಅಳೆದು ಪಾತ್ರೆಗೆ ಸುರಿದಳು. ಆಮೇಲೆ ದನಿ ತಗ್ಗಿಸಿದಳು. "ಅದೇ ಅಕ್ಕಾ, ನಮ್ಮ ಲೈನಿನ ಕಕ್ಕಸಿಗೆ ಬಾಗಿಲಿಲ್ಲ, ನೀರಿಲ್ಲ, ನಿಮ್ಗೆ ಗೊತ್ತಲ್ಲ. ಎಣ್ಣೆಂಗಸ್ರೆಲ್ಲ ಸೈನೈಡ್ ದಿಬ್ಬದ ಇಂದೆ ಓಗ್ತೀವಿ. ನಮ್ಮಮ್ಮನ ಕಾಲದಿಂದ್ಲೂ ಅಲ್ಲೇ. ಗಂಡಸ್ರು ಆ ಕಡೆ ಒಬ್ರೂ ಬರಲ್ಲ, ಅದು ಅಂಗೇ ನಡ್ಕೊಂಡು ಬಂದೈತೆ. ಈಗ ಏನಾಗೈತೋ, ಬೆಳಗ್ಗೆ ಬೆಳಗ್ಗೆ ಬೈಕು."

"ಯಾರ ಬೈಕು?"

"ಹಾಲು, ತರಕಾರಿ ಮನೆಗೆ ತಂದ್ಕೊಡ್ತಾರಲ್ಲ ಆ ಉಡುಗ್ರು. ಪೇಟೆಯಿಂದ ಒಸ ಲೇಔಟಿಗೆ ಓಗೋಕೆ ಅಡ್ಡದಾರಿಯಂತೆ. ಅಲ್ಲಿ ಯಾವ ದಾರಿ ಐತೆ? ನಮ್ಮ ಕಾಲ್ದಾರಿ ಪೊದೆ ತಂಕ ಓಗಿ ನಿಂತೋಗ್ತದೆ. ಆ ಕಡೆಯಿಂದ ಮೇಕೆ ದಾರಿ ಒಂದು ಬಂದು ನಿಂತೋಗ್ತದೆ. ನಡುವೆ ಬರೀ ಜಾಲಿ. ಕೇಳಿದ್ರೆ, ಫೋನ್ ತೋರಿಸ್ತದೆ ಅಮ್ಮಾ, ಅಂತಾರೆ."

ಸುಮಲತಳ ಬೆರಳ ನಡುವಿನ ಕಾಳು ಜಾರಿ ನೆಲಕ್ಕೆ ಬಿತ್ತು.

ಆ ದಾರಿಯನ್ನು ನಕ್ಷೆಗೆ ಯಾರು ಸೇರಿಸಿದ್ದು ಎಂದು ನೋಡಬೇಕಾಗಿರಲಿಲ್ಲ. ದಸರಾ ಮುಗಿದ ಮೇಲೆ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ದಿಬ್ಬದ ಸುತ್ತಲಿನ ಗೆರೆಗಳನ್ನೆಲ್ಲ ಒಂದೇ ಸಲಕ್ಕೆ ಕೂತು ಮುಗಿಸಿದ್ದಳು. ಬಿಳಿ ದಿಬ್ಬದ ಹಿಂದೆ ಸಣ್ಣಗೆ ಬಾಗಿದ ಒಂದು ಗೆರೆ ನೆನಪಿತ್ತು. ಈ ಕಡೆಯ ಕಾಲುದಾರಿಯನ್ನೂ ಆ ಕಡೆಯ ಮೇಕೆ ದಾರಿಯನ್ನೂ ಯಂತ್ರ ಪೊದೆಯ ಮೇಲಿಂದ ಜೋಡಿಸಿತ್ತು. ಎಷ್ಟು ಚಂದ ಸೇರಿಸಿದೆ ಎಂದುಕೊಂಡೇ ಹೌದು ಎಂದು ಒತ್ತಿದ್ದಳು.

"ಏನಕ್ಕಾ, ಕಾಳು ಬಿತ್ತು," ಎಂದಳು ಇಂದ್ರಾಣಿ, ತಾನೇ ಬಗ್ಗಿ ಎತ್ತಿಕೊಟ್ಟು.

ಅವಳು ಹೋದದ್ದೇ ತಡ ಸುಮಲತ ಕೈ ಒರೆಸಿಕೊಂಡು ಆ ಗೆರೆಯನ್ನು ಹುಡುಕಿ ಅಳಿಸಿದಳು. ಸಾರು ಕುದಿಯುವ ಹೊತ್ತಿಗೆ ಎದೆ ಹಗುರಾಗಿತ್ತು.

ಮರುದಿನ ಸಂಜೆ ರೂಪೇಶ್‌ನ ಫೋನು ಬಂತು.

"ಅಕ್ಕ, ಮೈಸೂರು ಮೈನ್ಸ್ ಹತ್ರ ಒಂದು ದಾರಿ ಕೈತಪ್ಪಿ ಅಳಿಸಿ ಹೋಗಿತ್ತು ನೋಡಿ. ನಾನೇ ವಾಪಸ್ ಹಾಕಿದೀನಿ."

"ಕೈತಪ್ಪಿ ಅಲ್ಲ. ನಾನೇ ತೆಗೆದಿದ್ದು."

"ಹೌದಾ? ಯಾಕೆ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕುತೂಹಲವಿತ್ತು. "ಫೋಟೊದಲ್ಲಿ ಚೆನ್ನಾಗಿ ಕಾಣ್ತಾ ಇದೆಯಲ್ಲ?"

ಹೇಳಬೇಕೆಂದು ಬಾಯಿ ತೆರೆದಳು. ಮಗಳಿಗಿಂತ ತುಸು ದೊಡ್ಡವನು. ಒಳ್ಳೆಯವನು. ಹೇಳಿದರೆ ಪಾಪ ಅರ್ಥ ಮಾಡಿಕೊಂಡಾನು. ಆಮೇಲೆ ನಕ್ಷೆ ಬರೆಯುವ ಬಳಗದವರಿಗೆ ತಿಳಿಸಿಯಾನು. ಅದಕ್ಕೊಂದು ಗುರುತು ಹಾಕೋಣ ಅಂತಾರು, ಏನೆಂದು ಹೆಸರಿಡುವುದು ಎಂದು ಚರ್ಚೆ ನಡೆದೀತು. ಒಬ್ಬರೂ ನೋಡಬಾರದೆಂದು ಹೆಂಗಸರು ಕತ್ತಲಲ್ಲಿ ಎದ್ದು ಹೋಗುವ ಜಾಗ, ಲೋಕದ ಯಾವ ಮೂಲೆಯಿಂದ ಬೇಕಾದರೂ ನೋಡಬಹುದಾದ ಒಂದು ಗುರುತಾಗುತ್ತದೆ.

"ಅಲ್ಲಿ ಸರಿಯಾದ ದಾರಿ ಇಲ್ಲ ಅನ್ನಿಸ್ತು," ಎಂದಳು.

"ಅನ್ನಿಸ್ತು ಅಂದ್ರೆ ಆಗಲ್ಲ ಅಕ್ಕ. ಫೋಟೊ ಕೊಟ್ಟೋರು ನಮ್ಮ ಕೆಲಸ ನೋಡ್ತಾ ಇರ್ತಾರೆ. ಕಣ್ಣಿಗೆ ಕಾಣೋದನ್ನ ತೆಗೀತಾ ಹೋದ್ರೆ, ಇವರಿಗೆ ಯಾಕೆ ಕೊಡಬೇಕು ಅಂತಾರೆ. ಮೊದಲೇ ಅವರ ಕೈಯಲ್ಲಿದೆ ನಮ್ಮ ಜುಟ್ಟು. ಆದರೆ ನೀವು ಅಲ್ಲಿ ನಡೆದು ನೋಡಿದ್ರೆ ಬೇರೆ ಮಾತು. ಫೋಟೊಗಿಂತ ನಡೆದೋರ ಮಾತು ದೊಡ್ಡದು, ಅದು ನಮ್ಮ ನಿಯಮ. ಭಾನುವಾರ ನಮ್ಮ ನಕ್ಷೆ ಬಳಗದ ಸಭೆಗೆ ಬಂಗಾರಪೇಟೆಗೆ ಬರ್ತೀರಲ್ಲ, ಆಗ ಹೇಳಿ."

ಮರುದಿನ ಹಿಟ್ಟು ಹಾಕಿಸಿಕೊಳ್ಳುವಾಗ ಸುಮಲತ, "ನಾಳೆ ಬೆಳಗ್ಗೆ ನಾನೂ ಬರ್ತೀನಿ ನಿನ್ನ ಜೊತೆ, ದಿಬ್ಬದ ಹಿಂದಕ್ಕೆ," ಎಂದಳು.

ಇಂದ್ರಾಣಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕಕ್ಕಾ, ನಿಮ್ಮನೆ ಟ್ಯಾಂಕಲ್ಲಿ ನೀರು ಓಯ್ತಾ?"

"ನೋಡಬೇಕು ಅನ್ನಿಸ್ತು."

"ಇದೊಳ್ಳೆ ಆಸೆ ಬಂತು ನಿಮ್ಗೆ," ಎಂದಳು ಇಂದ್ರಾಣಿ. ಆದರೆ ಬೇಡ ಅನ್ನಲಿಲ್ಲ.

ಮಂಜು ಇಳಿದ ಬೆಳಗು. ಲೈನಿನ ಕೊನೆಯ ಮನೆ ದಾಟಿದರೆ ದಿಬ್ಬ, ಕತ್ತಲಲ್ಲೂ ಬೆಳ್ಳಗೆ. ಸೈನೈಡ್ ಹಾಕಿ ಬಂಗಾರ ತೆಗೆದು ಬಿಸಾಕಿದ ಗಣಿಯ ಪುಡಿಮಣ್ಣು ಕಾಲಡಿಯಲ್ಲಿ ಮೆತ್ತಗೆ ಕುಸಿಯುತ್ತಿತ್ತು. ಹೆಂಗಸರು ಸಣ್ಣ ಸಣ್ಣ ಗುಂಪಾಗಿ, ಕೈಯಲ್ಲಿ ಪ್ಲಾಸ್ಟಿಕ್ ಬಾಟಲಿ ಹಿಡಿದು ನಡೆಯುತ್ತಿದ್ದರು. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಮಾತಿನೊಳಗೆ ಬರುತ್ತಿದ್ದವು. ಯಾರದೋ ಸೊಸೆಯ ಸುದ್ದಿಗೆ ಯಾರೋ ಬಾಯಿ ಮುಚ್ಚಿಕೊಂಡು ನಕ್ಕರು.

ಆ ನಗು ಕೇಳಿ ಸುಮಲತಳಿಗೆ ತನ್ನ ಅಮ್ಮ ಕಣ್ಣಮುಂದೆ ಬಂದಳು. ಮನೆಯಲ್ಲಿ ಅಜ್ಜನ ಎದುರು, ಅಪ್ಪನ ಎದುರು ದನಿಯೇ ಇಲ್ಲದ ಅಮ್ಮ, ಬೆಳಗಿನ ಜಾವ ಚೊಂಬು ಹಿಡಿದು ಚಿಕ್ಕಮ್ಮಂದಿರ ಜೊತೆ ಕೆರೆ ಏರಿಯ ಹಿಂದಕ್ಕೆ ಹೋದಾಗ ಹೀಗೇ ನಗುತ್ತಿದ್ದಳು. ಎಷ್ಟು ಹೊತ್ತಾದರೂ ಏಳುತ್ತಿರಲಿಲ್ಲ. ಅಮ್ಮನಿಗೆ ಅಷ್ಟು ಮಾತು ಬರುತ್ತದೆ ಎಂದು ಸುಮಲತಳಿಗೆ ಗೊತ್ತಾದದ್ದೇ ಅಲ್ಲಿ. ಅದು ನಾಚಿಕೆಯ ಜಾಗವೆಂದು ಸುಮಲತ ಆಮೇಲೆ ಓದಿ ಕಲಿತಳು. ಮನೆಗೆ ಕಕ್ಕಸು ಬಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವಳೂ ಅಮ್ಮನೇ. ಆದರೆ ಆ ನಗು ಮಾತ್ರ ಮತ್ತೆ ಕೇಳಲಿಲ್ಲ.

"ಯಾರಮ್ಮಾ ಇದು ಒಸ ಮುಖ?" ಪೊದೆಯ ಮಗ್ಗುಲಿಂದ ಒಂದು ಮುದಿ ದನಿ.

"ಅಮ್ಮಾಜಮ್ಮಾ, ಇವ್ರು ಕ್ವಾಟ್ರಸ್ಸಿನ ಅಕ್ಕ. ಸುಮ್ನೆ ಗಾಳಿಗೆ ಬಂದವ್ರೆ," ಎಂದಳು ಇಂದ್ರಾಣಿ.

"ಗಾಳಿಗಾ? ತಗೋ ತಾಯಿ, ಬೇಕಾದಷ್ಟು ತಗೋ. ಇಂಥ ಗಾಳಿ ನಿಮ್ಮ ಕಡೆ ಸಿಕ್ಕಲ್ಲ."

ಎಲ್ಲರೂ ನಕ್ಕರು. ಸುಮಲತಳೂ ನಕ್ಕಳು. ಪೊದೆಯ ಪಕ್ಕದಲ್ಲಿ ತಾನೂ ಅವರಂತೆ ಕುಕ್ಕರಗಾಲಲ್ಲಿ ಕೂತಳು.

"ನಮ್ಮಪ್ಪ ಅಂತಿದ್ರು," ಪಕ್ಕದಲ್ಲಿ ಇಂದ್ರಾಣಿ ಮೆಲ್ಲಗೆ ಹೇಳಿದಳು, "ಮನೆ ಕಂಪನಿದು, ಲೈಟು ಕಂಪನಿದು, ನೀರು ಕಂಪನಿದು. ಕಂಪನಿ ಕೊಟ್ಟಿದ್ದು ಕಂಪನಿ ಜೊತೆ ಓಗ್ತದೆ ಅಂತ. ಅಂಗೇ ಓಯ್ತು. ಇದೊಂದು ಜಾಗ ಕಂಪನಿ ಕೊಟ್ಟಿದ್ದಲ್ಲ ಅಕ್ಕಾ. ನಾವೇ ಮಾಡ್ಕೊಂಡಿದ್ದು. ಅದಕ್ಕೇ ಉಳ್ಕೊಂಡಿತ್ತು."

ಆಗ ಮಂಜಿನೊಳಗೆ ಬೆಳಕು ಕಂಡಿತು. ಮೋಟಾರಿನ ಸದ್ದು.

ಎಲ್ಲರೂ ಒಟ್ಟಿಗೆ ಎದ್ದು ನಿಂತರು. ಸೀರೆ, ನೈಟಿ ಇಳಿಬಿಟ್ಟುಕೊಂಡು, ಬೆಳಕಿಗೆ ಬೆನ್ನು ಮಾಡಿ, ಸೆರಗಿನಿಂದ ಮುಖ ಮುಚ್ಚಿಕೊಂಡು, ಎಲ್ಲಿಗೋ ಹೊರಟವರು ದಾರಿಯಲ್ಲಿ ನಿಂತಂತೆ. ಸುಮಲತಳ ಕಾಲುಗಳೂ ತಾವಾಗಿಯೇ ಎದ್ದವು. ಅಮ್ಮನ ಜೊತೆ ಏರಿಯ ಹಿಂದೆ ಕಲಿತದ್ದನ್ನು ಅವು ಮರೆತಿರಲಿಲ್ಲ. ಅಮ್ಮಾಜಮ್ಮನಿಗೆ ಮಾತ್ರ ಏಳಲಾಗಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ಇಬ್ಬರು ರಟ್ಟೆ ಹಿಡಿದು ಎತ್ತುವಷ್ಟರಲ್ಲಿ ಬೈಕು ಬಂದೇಬಿಟ್ಟಿತು.

ಹುಡುಗ ಇವರನ್ನು ನೋಡಲೂ ಇಲ್ಲ. ಬೆನ್ನಿಗೆ ದೊಡ್ಡ ಚೀಲ, ಕಣ್ಣು ಹ್ಯಾಂಡಲಿಗೆ ಸಿಕ್ಕಿಸಿದ ಫೋನಿನ ಮೇಲೆ. ಮರಳಿನಲ್ಲಿ ಚಕ್ರ ಜಾರಿದಾಗ ಕಾಲೂರಿ ನಿಂತ. ಆಗ ಕಂಡರು.

"ಲೇ, ನೀನು ಸೆಲ್ವರಾಜ್ ಮಗ ಅಲ್ವೇನ್ಲಾ?" ಅಮ್ಮಾಜಮ್ಮ ಇಬ್ಬರ ನಡುವೆ ತೂಗುತ್ತ ಕೇಳಿದಳು. "ನಿಮ್ಮವ್ವನೂ ಇಲ್ಲಿಗೇ ಬತ್ತಿದ್ದಿದ್ದು ಕಣ್ಲಾ. ಬಾರ್ಲಾ, ಓಡ್ಸು ಬೈಕು, ಓಡ್ಸು."

ಹುಡುಗನ ಮುಖ ಕೆಳಗಾಯಿತು. "ಮ್ಯಾಪು ಇಂಗೇ ತೋರಿಸ್ತದೆ ಪಾಟಿ. ಸುತ್ತಾಕ್ಕೊಂಡು ಓದ್ರೆ ಲೇಟು ಅಂತ ದುಡ್ಡು ಕಟ್ ಮಾಡ್ತಾರೆ." ಅಷ್ಟು ಹೇಳಿ, ದೀಪ ಆರಿಸಿ, ಬೈಕನ್ನು ತಳ್ಳಿಕೊಂಡೇ ಹೋದ.

ಮಾತು ಮತ್ತೆ ಶುರುವಾಗಲಿಲ್ಲ. ವಾಪಸ್ ಬರುವಾಗ ಇಂದ್ರಾಣಿ ಹೇಳಿದಳು, ಅಮ್ಮಾಜಮ್ಮ ಈಗ ರಾತ್ರಿ ಊಟ ಬಿಟ್ಟಿದ್ದಾಳಂತೆ. ಹೊಟ್ಟೆಯಲ್ಲಿ ಇಲ್ಲದಿದ್ದರೆ ಬೆಳಿಗ್ಗೆ ಏಳುವ ಕೆಲಸವೇ ಇಲ್ಲವಲ್ಲ. "ನಾವೂ ಬಿಡಲ್ಲ. ಜಾಲಿ ಮುಳ್ಳು ಕಡಿದು ಅಡ್ಡ ಆಕ್ತಾ ಇದೀವಿ. ಇವ್ರು ಎಳೆದು ಬಿಸಾಕಿ ಓಗ್ತಾರೆ. ನಾಳೆ ಮತ್ತೆ ಆಕ್ತೀವಿ."

ಬೆಳಕು ಹರಿಯುತ್ತಿತ್ತು. ಸುಮಲತ ತಿರುಗಿ ನೋಡಿದಳು. ಪೊದೆಗಳ ನಡುವೆ, ಮೊದಲು ಏನೂ ಇಲ್ಲದ ಕಡೆ, ಚಕ್ರಗಳು ತುಳಿದು ತುಳಿದು ಮೊಳದಗಲದ ಜಾಡು ಬಿದ್ದಿತ್ತು. ಈಗ ಅಲ್ಲಿ ನಿಜವಾಗಿಯೂ ದಾರಿ ಇತ್ತು. ಅವಳು ಹೌದು ಎಂದದ್ದಕ್ಕೆ ಹುಟ್ಟಿದ ದಾರಿ.

ಭಾನುವಾರ ಬಂಗಾರಪೇಟೆಯ ಕಾಲೇಜಿನ ಕೋಣೆಯಲ್ಲಿ ರೂಪೇಶ್ ದಿಬ್ಬದ ಕಡೆಯ ಫೋಟೊವನ್ನು ಗೋಡೆಯಷ್ಟು ದೊಡ್ಡದಾಗಿ ಹಾಕಿದ್ದ. "ಮೈಸೂರು ಮೈನ್ಸ್ ಸುತ್ತಮುತ್ತ ಪೂರ್ತಿ ಸುಮಲತ ಮೇಡಂ ಮಾಡಿರೋದು," ಎಂದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು. ದಿಬ್ಬ ಹಾಲು ಚೆಲ್ಲಿದಂತೆ ಹರಡಿತ್ತು. ಅದರ ಹಿಂದೆ ಕೂದಲೆಳೆಯಂಥ ಕಾಲುದಾರಿಗಳು, ಬೇರಿನಂತೆ ಕವಲೊಡೆದು ಪೊದೆಗಳಲ್ಲಿ ಮುಗಿಯುತ್ತಿದ್ದವು.

"ಈ ದಾರಿಗಳೆಲ್ಲ ಯಾಕೆ ಸರ್ ನಡುವಲ್ಲೇ ನಿಂತೋಗಿವೆ?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

"ದನ ಮೇಯೋ ಜಾಗ ಇರಬೇಕು," ಎಂದ ರೂಪೇಶ್.

ಕೊನೆಯ ಬೆಂಚಿನಲ್ಲೊಬ್ಬಳು ತಟ್ಟನೆ ತಲೆ ತಗ್ಗಿಸಿದಳು. ನಗು ತಡೆಯಲೋ ಇನ್ನೇನನ್ನೋ. ತಲೆ ಎತ್ತಿದಾಗ ಅವಳ ಕಣ್ಣು ಸುಮಲತಳ ಕಣ್ಣಿಗೆ ಸಿಕ್ಕಿತು. ಆ ಹುಡುಗಿಯ ಮನೆ ಯಾವುದೋ ಲೈನಿನಲ್ಲಿರಬೇಕು. ಇಬ್ಬರೂ ಕಣ್ಣು ಬೇರೆ ಕಡೆ ತಿರುಗಿಸಿದರು.

ರೂಪೇಶ್ ಮಾತು ಮುಂದುವರಿಸಿದ. ಫೋಟೊ ಕೊಟ್ಟವರು ನಾಳೆ ಬೆಳಿಗ್ಗೆ ನಿಲ್ಲಿಸಿದರೆ ನಮ್ಮ ಕೈಯಲ್ಲಿ ಏನೂ ಇಲ್ಲ, ಅದನ್ನು ಮರೆಯಬೇಡಿ ಎಂದ. ಅದಕ್ಕೇ ಇರುವಾಗಲೇ ಆದಷ್ಟು ಬರೆದುಕೊಳ್ಳಬೇಕು ಎಂದ. ಅವನ ಆತುರ ಸುಮಲತಳಿಗೆ ಅರ್ಥವಾಗುತ್ತಿತ್ತು. ತನಗೆ ಗೊತ್ತಿದ್ದ ಊರು ಒಂದು ದಿನ ಬೂದಾದದ್ದನ್ನು ಅವಳೂ ಕಂಡಿದ್ದಳು.

ವಿರಾಮದಲ್ಲಿ ಟೀ ಕುಡಿಯುತ್ತ ಅವನು ಹತ್ತಿರ ಬಂದ. "ನಡೆದು ನೋಡಿದ್ರಾ ಅಕ್ಕ, ಆ ದಾರಿ?"

"ನೋಡಿದೆ."

"ಇದೆಯಾ?"

ನಿಯಮ ಅವಳಿಗೆ ಗೊತ್ತಿತ್ತು. ನೆಲದ ಮೇಲೆ ಇರುವುದನ್ನು ಇದೆ ಎನ್ನಬೇಕು. ಆ ನಿಯಮ ಅವಳಿಗೆ ಇಷ್ಟವೂ ಆಗಿತ್ತು. ಬದುಕಿನಲ್ಲಿ ಅವಳಿಗೆ ಸಿಕ್ಕ ಇಷ್ಟು ನೇರವಾದ ನಿಯಮ ಬೇರೆ ಇರಲಿಲ್ಲ.

"ಇಲ್ಲ," ಎಂದಳು. "ಆ ಕಡೆಯಿಂದ ಈ ಕಡೆಗೆ ಹೋಗೋಕಾಗಲ್ಲ. ಬರೀ ಮುಳ್ಳು."

ಅವನು ಫೋನು ತೆಗೆದು ಗೆರೆಯನ್ನು ಅಲ್ಲೇ ಅಳಿಸಿದ. "ನೀವು ನಡೆದಿದೀರಲ್ಲ, ಮುಗೀತು," ಎಂದ. ಅಷ್ಟು ಸಲೀಸಾಗಿ ನಂಬಿದ್ದಕ್ಕೇ ಅವಳಿಗೆ ಟೀ ಒಗರೆನಿಸಿತು. "ಇನ್ನೊಂದು ವಿಷಯ ಅಕ್ಕ. ಕಾಮಸಮುದ್ರ ಹೋಬಳಿಗೆ ಒಂದು ತಂಡ ಮಾಡೋಣ ಅಂತ. ನೀವೇ ನಡೆಸಬೇಕು. ಮೈಸೂರು ಮೈನ್ಸ್ ಈ ಹುಡುಗಿಯರು ನೋಡ್ಕೋತಾರೆ, ಅಲ್ಲಿ ಕೆಲಸ ಮುಗೀತು ಬಿಡಿ."

ಗಂಡನ ಊರ ಕಡೆಯ ಹೋಬಳಿ. ಮುನಿರಾಜು ಕೇಳಿದರೆ ಊರಿಗೆಲ್ಲ ಹೇಳಿಕೊಂಡು ಬರುವಂಥ ಮಾತು. ಸುಮಲತ ಲೋಟ ಕೆಳಗಿಟ್ಟಳು.

"ಅದನ್ನ ಬೇರೆ ಯಾರಿಗಾದ್ರೂ ಕೊಡಿ ರೂಪೇಶ್. ಮೈಸೂರು ಮೈನ್ಸ್ ನನಗೇ ಇರಲಿ."

"ಅಲ್ಲಿ ಇನ್ನೇನಿದೆ ಅಕ್ಕ?"

"ಅಭ್ಯಾಸ ಆಗಿಬಿಟ್ಟಿದೆ," ಎಂದಳು.

ಅವರೆ ಕಾಲ ಮುಗಿಯುತ್ತ ಬಂದಿತ್ತು. ಒಂದು ದಿನ ಇಂದ್ರಾಣಿ ಹೊತ್ತಿಗೆ ಸರಿಯಾಗಿ ಬಂದಳು. ಬೈಕು ಬರುವುದು ನಿಂತುಹೋಗಿತ್ತು.

"ನಮ್ಮ ಮುಳ್ಳಿಗೆ ಎದರ್ಕೊಂಡ್ರು ಅಕ್ಕಾ. ಅಮ್ಮಾಜಮ್ಮನೇ ಕೂತ್ಕೊಂಡು ಎಲ್ಲೆಲ್ಲಿ ಆಕ್ಬೇಕು ಅಂತ ಏಳ್ತಿದ್ದಿದ್ದು, ದೊಡ್ಡ ಮೇಸ್ತ್ರಿ ತರ. ರಾತ್ರಿ ಒಂದು ಮುದ್ದೆ ಉಂಡವ್ಳೆ ನಿನ್ನೆ."

"ಒಳ್ಳೆ ಕೆಲಸ ಮಾಡಿದ್ರಿ," ಎಂದಳು ಸುಮಲತ. ಹಿಟ್ಟಿನ ಪಾತ್ರೆಗೆ ಮುಚ್ಚಳ ಹಾಕಿದಳು.

ಇಂದ್ರಾಣಿ ಹೋದ ಮೇಲೆ ಕಾಳಿನ ಬೋಗುಣಿ ಮುಂದಿಟ್ಟುಕೊಂಡು ಲ್ಯಾಪ್‌ಟಾಪ್ ತೆರೆದಳು. ಬಿಳಿ ದಿಬ್ಬ ಬಂತು. ಅದರ ಹಿಂದೆ ಗುಲಾಬಿ ಗೆರೆ ಮತ್ತೆ ಬಂದಿತ್ತು, ಮೊದಲಿನಷ್ಟೇ ಚಂದವಾಗಿ ಬಾಗಿ. ಅಲ್ಲ ಎಂದು ಮನುಷ್ಯರು ಹೇಳಿದ್ದನ್ನು ಯಂತ್ರ ನೆನಪಿಟ್ಟುಕೊಳ್ಳುವುದಿಲ್ಲ. ಕಂಡದ್ದನ್ನು ಮತ್ತೆ ಮತ್ತೆ ಕೇಳುತ್ತದೆ. ಮುಂದಿನ ಫೋಟೊದಲ್ಲಿ ಬೈಕಿನ ಜಾಡೂ ಸೇರಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಆಗ ಎಲ್ಲೋ ಕೂತ ಇನ್ನೊಬ್ಬಳು, ಮಧ್ಯಾಹ್ನದ ಬಿಡುವಿನಲ್ಲಿ, ತನ್ನಂತೆಯೇ ಒಳ್ಳೆಯ ಮನಸ್ಸಿನಿಂದ ಹೌದು ಎಂದು ಒತ್ತಬಹುದು. ಒಂದು ವೇಳೆ ಕಂಪನಿ ಫೋಟೊವನ್ನೇ ವಾಪಸ್ ತೆಗೆದುಕೊಂಡು ಪರದೆ ಮತ್ತೆ ಬೂದಾದರೆ, ಈ ಒಂದು ಜಾಗದ ಮಟ್ಟಿಗೆ ತನಗೆ ದುಃಖವಾಗಲಾರದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಕಿರುಬೆರಳಿನಿಂದ ಒತ್ತಿದಳು. ಬಿಡು.

ಇನ್ನು ಮೇಲೆ ದಿನದ ಮೊದಲ ಕೆಲಸ ಇದೇ, ಎಂದುಕೊಂಡಳು. ಹಾಲು ಕಾಯಿಸುವ ಮುಂಚೆ ಈ ಜಾಗ ತೆರೆದು ನೋಡುವುದು. ಗೆರೆ ಬಂದಿದ್ದರೆ ಬಿಡು. ಯಾರಾದರೂ ಸೇರಿಸಿದ್ದರೆ ಅಳಿಸಿ, ನಡೆದು ನೋಡಿದ್ದೇನೆ, ಇಲ್ಲಿ ದಾರಿ ಇಲ್ಲ, ಎಂದು ಬರೆಯುವುದು. ಲೈನಿನ ಹೆಂಗಸರಿಗೆ ಬಾಗಿಲು, ನೀರು, ಚಿಲಕ ಇರುವ ಜಾಗವೊಂದು ಆಗುವ ತನಕ. ಅದು ಎಂದು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಒಳಗಿನಿಂದ ಮುನಿರಾಜು ಕೂಗಿದ. "ಎಲ್ಲಿದೀಯ ಇವತ್ತು? ನಮ್ಮೂರಲ್ಲಾ?"

"ಇಲ್ಲೇ ಇದೀನಿ ರೀ," ಎಂದು ಸುಮಲತ ಮುಂದಿನ ಕಾಳನ್ನು ಹಿತಕಿದಳು.